ಶಾಲೆಯ ಕೊಠಡಿಯಲ್ಲೊಂದು ಸಭೆ

1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಭೇಟಿಯಾದರು. ಇಬ್ಬರೂ ಕುಡಿತಕ್ಕೆ ಸಿಕ್ಕಿ ನಲುಗಿದವರು. ಅವರ ಮಾತುಕತೆಯಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಬಯಸುವವರ ಕೂಟ. ಇವತ್ತು ಬೆಂಗಳೂರು, ಮಂಗಳೂರುಗಳಲ್ಲೂ ಅದರ ಸಭೆಗಳಿವೆ. ಯಾವುದೋ ಶಾಲೆಯ ಕೊಠಡಿಯಲ್ಲಿ, ಚರ್ಚಿನ ಹಿಂಬದಿಯಲ್ಲಿ.

ಅಲ್ಲಿ ಫೀಸಿಲ್ಲ, ಕುಲಗೋತ್ರ ಕೇಳುವವರಿಲ್ಲ. ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು. ಒಬ್ಬರು ಹೆಸರು ಹೇಳಿ, ‘ನಾನೊಬ್ಬ ಕುಡುಕ’ ಅನ್ನುತ್ತಾರೆ. ಉಳಿದವರು ಸುಮ್ಮನೆ ಕೇಳುತ್ತಾರೆ. ಮನೆಯಲ್ಲೂ ಬೀದಿಯಲ್ಲೂ ಬುದ್ಧಿಮಾತು ಕೇಳಿ ಕೇಳಿ ಸಾಕಾದವರಿಗೆ ಇದೇ ದೊಡ್ಡ ಸಮಾಧಾನ ಅಂತ ನನಗನ್ನಿಸುತ್ತದೆ. ಮೊದಲ ದಿನ ಬಾಯಿ ಬಿಡಲೇಬೇಕೆಂದಿಲ್ಲ. ಹಿಂದಿನ ಕುರ್ಚಿಯಲ್ಲಿ ಕೂತು ಎದ್ದು ಬಂದರೂ ಆಯಿತು. ಒಂದು ಗುಂಪು ಒಗ್ಗಲಿಲ್ಲವೇ, ಇನ್ನೊಂದಕ್ಕೆ ಹೋಗಿ.

ಆದರೆ ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಹಾಗಾಗಿ ಮೊದಲು ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಎಲ್ಲಿ ವಿಚಾರಿಸುವುದೆಂದು ತಿಳಿಯದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಕರೆಗೆ ದುಡ್ಡು ಬೀಳುವುದಿಲ್ಲ.

ಕುಡಿಯುವವರ ಹೆಂಡತಿ, ಅಮ್ಮ, ಮಕ್ಕಳಿಗೆಂದೇ ಅಲ್-ಅನಾನ್ ಎಂಬ ಸಭೆಗಳಿವೆ. ಮನೆಯವರು ಕುಡಿತ ಬಿಡಲಿ, ಬಿಡದಿರಲಿ, ನೀವಂತೂ ಹೋಗಬಹುದು.