ತಂಡಕ್ಕೆ ಬೀಗ ಬಿದ್ದರೆ ಅಭಿಮಾನಿ ಎಲ್ಲಿಗೆ ಹೋಗಬೇಕು?



2019ರ ಆಗಸ್ಟ್ ಕೊನೆಯಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡ ಮೈಸೂರಿನಲ್ಲಿ ಬಳ್ಳಾರಿ ಟಸ್ಕರ್ಸ್ ತಂಡವನ್ನು 8 ರನ್‌ಗಳಿಂದ ಸೋಲಿಸಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನ ಟ್ರೋಫಿ ಎತ್ತಿತು. ದುಮ್ಮವಾಡದ ಮಗ್ಗುಲಲ್ಲೇ ಇರುವ ನೀರಸಾಗರದ ನೀರನ್ನು ದಶಕಗಳ ಕಾಲ ಕುಡಿದ ಹುಬ್ಬಳ್ಳಿಯ ಹೆಸರು ಹೊತ್ತ ತಂಡವದು. ಕಲಘಟಗಿ ತಾಲ್ಲೂಕಿನ ಹುಡುಗರು ಅದನ್ನು ನಮ್ಮದೇ ಎಂದುಕೊಂಡಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಆ ಸಂಭ್ರಮ ಹೆಚ್ಚು ದಿನ ಬಾಳಲಿಲ್ಲ. ಮುಂದಿನ ತಿಂಗಳೇ ಬೆಂಗಳೂರು ಪೊಲೀಸರು ಲೀಗಿನಲ್ಲಿ ನಡೆದಿದೆಯೆನ್ನಲಾದ ಬೆಟ್ಟಿಂಗ್ ಮತ್ತು ಮ್ಯಾಚ್ ಫಿಕ್ಸಿಂಗ್ ಬಗ್ಗೆ ತನಿಖೆ ಕೈಗೆತ್ತಿಕೊಂಡರು. ಬಂಧನಗಳಾದವು. ಹುಬ್ಬಳ್ಳಿ ಗೆದ್ದ ಆ ಫೈನಲ್ ಕೂಡ ಸಂಶಯದ ನೆರಳಿಗೆ ಬಂತು. ಲೀಗ್ ನಿಂತಿತು. ಬೆನ್ನಿಗೇ ಕೊರೊನಾ ಬಂತು.

2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಟೂರ್ನಿ ಮರಳಿ ಬಂದಾಗ ಹುಬ್ಬಳ್ಳಿ ಟೈಗರ್ಸ್ ಪಟ್ಟಿಯಲ್ಲಿತ್ತು. 2023ರಲ್ಲಿ ಗೆದ್ದಿತು ಕೂಡ. ಇಲ್ಲಿನವರ ಅದೃಷ್ಟ ದೊಡ್ಡದು. ಹಳೆಯ ಲೀಗನ್ನು 2015ರಲ್ಲಿ ಗೆದ್ದದ್ದು ಬಿಜಾಪುರ ಬುಲ್ಸ್, 2016ರಲ್ಲಿ ಬಳ್ಳಾರಿ ಟಸ್ಕರ್ಸ್, 2017ರಲ್ಲಿ ಬೆಳಗಾವಿ ಪ್ಯಾಂಥರ್ಸ್, 2018ರಲ್ಲಿ ಮತ್ತೆ ಬಿಜಾಪುರ. ನಾಲ್ಕು ವರ್ಷದ ಚಾಂಪಿಯನ್ನರೆಲ್ಲ ಉತ್ತರ ಕರ್ನಾಟಕದವರೇ. ಹೊಸ ಟೂರ್ನಿಯ ಆರು ತಂಡಗಳಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಬೀಗ ಜಡಿದ ಸದ್ದೂ ಕೇಳಿಸದೆ ಮೂರು ತಂಡಗಳು ಮಾಯವಾದವು. ಯಾವ ಅಭಿಮಾನಿಯನ್ನೂ ಯಾರೂ ಕೇಳಲಿಲ್ಲ.

ಕೇಳಬೇಕಿತ್ತೇ? ಈ ಪ್ರಶ್ನೆಗೆ ನ್ಯಾಯಾಲಯದ ಅಂಗಳದಲ್ಲಿ ಒಂದು ಉತ್ತರ ಸಿಕ್ಕಿದೆ, ಕೊಂಚ ಕಹಿಯಾದದ್ದು. ಫಿಕ್ಸಿಂಗ್ ಆರೋಪದ ವಂಚನೆ ಪ್ರಕರಣವನ್ನು ಕರ್ನಾಟಕ ಹೈಕೋರ್ಟ್ 2022ರ ಜನವರಿಯಲ್ಲಿ ರದ್ದುಪಡಿಸಿತು. ಆಟಗಾರನು ಆಟವನ್ನು ಮೊದಲೇ ಮಾರಿಕೊಂಡಿದ್ದರೆ ಮೋಸವಾಯಿತೆಂಬ ಭಾವನೆ ಕ್ರೀಡಾಪ್ರೇಮಿಗಳಲ್ಲಿ ಹುಟ್ಟುವುದು ನಿಜ, ಆದರೆ ಟಿಕೆಟ್ ಕೊಂಡವರು ತಾವಾಗಿಯೇ ಕೊಂಡವರು. ಆದ್ದರಿಂದ ಅದು ದಂಡಸಂಹಿತೆಯ ವಂಚನೆಯ ಕಲಮಿನೊಳಗೆ ಬರುವುದಿಲ್ಲ ಎಂಬುದು ತೀರ್ಪಿನ ತಿರುಳು. ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ಅಭಿಮಾನಿಯ ಸ್ಥಾನ ಎಷ್ಟು ತೆಳುವಾದದ್ದು ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವುದೂ ಹೇಳಲಾರದು. ಕೈಯಲ್ಲಿ ಟಿಕೆಟ್ ಉಂಟು, ಹಕ್ಕು ಮಾತ್ರ ಇಲ್ಲ.

ಕ್ರಿಕೆಟ್ ಬಿಟ್ಟು ಫುಟ್‌ಬಾಲಿಗೆ ಬಂದರೆ ಇದೇ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. 2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಪುರುಷರ ಪ್ರಮುಖ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಅದು ಹರಕುಮುರುಕು ತಂಡವೇನೂ ಅಲ್ಲ. ನಾಲ್ಕು ತಿಂಗಳ ಹಿಂದಷ್ಟೇ, ಏಪ್ರಿಲ್ 12ರಂದು, ಇಂಡಿಯನ್ ಸೂಪರ್ ಲೀಗಿನ ಫೈನಲ್ ಆಡಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತ ತಂಡ. ಫೈನಲ್ ಆಡಿದ ತಂಡಕ್ಕೇ ಸಂಬಳವಿಲ್ಲವೆಂದರೆ ಉಳಿದವರ ಗತಿ?

ಈ ತಂಡದ ಹುಟ್ಟು 2013ರ ಜುಲೈನಲ್ಲಿ. ಬಳ್ಳಾರಿ ಬಳಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹ ಇದರ ಒಡೆಯ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕೋಲ್ಕತ್ತ, ಗೋವಾಗಳಲ್ಲಿ ಆಳವಾಗಿ ಬೇರು ಬಿಟ್ಟ ಹಳೆಯ ಕ್ಲಬ್ಬುಗಳು ಬಾಯಿಮೇಲೆ ಬೆರಳಿಟ್ಟುಕೊಂಡವು. 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ ಒಂದೇ ಗೋಲಿನಿಂದ ಸೋತದ್ದು ಬೇರೆ ಮಾತು. 2019ರಲ್ಲಿ ಸೂಪರ್ ಲೀಗ್, 2022ರಲ್ಲಿ ಡ್ಯೂರಾಂಡ್ ಕಪ್.

ಆಟಗಾರರಷ್ಟೇ ಇಲ್ಲಿ ಮುಖ್ಯರಾದವರು ಕಂಠೀರವದ ಪಶ್ಚಿಮ ಬದಿಯ ಮೆಟ್ಟಿಲ ಮೇಲಿನವರು. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ತಮ್ಮನ್ನು ಕರೆದುಕೊಳ್ಳುವ ಈ ನೀಲಿ ಅಂಗಿಯವರು ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ. ಡ್ರಮ್ಮು ಬಡಿಯುತ್ತಾರೆ, ಹಾಡುತ್ತಾರೆ, ಬೈಯುತ್ತಾರೆ. ಹೋಳಿ ಹುಣ್ಣಿವೆಗೆ ಹಲಗೆ ಹಿಡಿದ ಹುಡುಗರನ್ನು ಬಲ್ಲವರಿಗೆ ಅವರ ಗತ್ತು ಏನೆಂದು ವಿವರಿಸಬೇಕಾಗಿಲ್ಲ. ಬೆಂಗಳೂರೆಂಬ ಊರಿನಲ್ಲಿ ಯಾವುದಕ್ಕೂ ಯಾರೂ ಒಟ್ಟಾಗುವುದಿಲ್ಲ ಎಂಬ ದೂರು ಹಳೆಯದು. ತಮಿಳು, ಮಲಯಾಳ, ಹಿಂದಿ, ಕನ್ನಡ ಮಾತಾಡುವವರು ಒಂದೇ ಕೂಗು ಕೂಗುವ ಜಾಗವೊಂದು ಅಲ್ಲಿ ಹುಟ್ಟಿದ್ದು ಸಣ್ಣ ಸಂಗತಿಯಲ್ಲ.

ಹಾಗಿದ್ದ ಮೇಲೆ ಸಂಬಳ ನಿಂತದ್ದೇಕೆ? ಕಾರಣ ಮೈದಾನದಲ್ಲಿಲ್ಲ, ಒಂದು ಕಾಗದದಲ್ಲಿದೆ. 2010ರ ಡಿಸೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮಾಡಿಕೊಂಡ ಒಪ್ಪಂದದ ಪ್ರಕಾರ ದೇಶದ ಫುಟ್‌ಬಾಲಿನ ವಾಣಿಜ್ಯ ಹಕ್ಕುಗಳು 15 ವರ್ಷಕ್ಕೆ ಖಾಸಗಿಯವರಿಗೆ ಹೋದವು. ಮುಂದೆ ರಿಲಯನ್ಸ್ ಸಮೂಹದ ಎಫ್‌ಎಸ್‌ಡಿಎಲ್ ಎಂಬ ಸಂಸ್ಥೆ ಅದರಡಿ ಸೂಪರ್ ಲೀಗ್ ನಡೆಸಿತು; ಒಕ್ಕೂಟಕ್ಕೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡುವುದು ಕರಾರು. ಈ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಲಾವಣಿಯ ಹೊಲದಂತೆಯೇ ಇದು. ಅವಧಿ ಮುಗಿಯುತ್ತ ಬಂದಾಗ ಮುಂದಿನ ಹಂಗಾಮಿಗೆ ಯಾರು ಬೀಜ ಹಾಕುತ್ತಾರೆ? ಅತ್ತ ಒಕ್ಕೂಟದ ಸಂವಿಧಾನದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿತ್ತು; ಅದು ತೀರ್ಮಾನವಾಗುವ ತನಕ ಹೊಸ ಕರಾರು ಬೇಡವೆಂಬ ಸೂಚನೆಯೂ ಇತ್ತು. 2025ರ ಜುಲೈ 11ರಂದು ಎಫ್‌ಎಸ್‌ಡಿಎಲ್ ಮುಂದಿನ ಋತುವನ್ನು ತಡೆಹಿಡಿದಿರುವುದಾಗಿ ಕ್ಲಬ್ಬುಗಳಿಗೆ ತಿಳಿಸಿತು.

ಲೀಗ್ ಇಲ್ಲವೆಂದರೆ ಪಂದ್ಯವಿಲ್ಲ, ಪಂದ್ಯವಿಲ್ಲದಿದ್ದರೆ ಟಿಕೆಟ್ಟಿಲ್ಲ, ಟಿವಿ ಹಣವಿಲ್ಲ, ಅಂಗಿಯ ಮೇಲೆ ಹೆಸರು ಬರೆಸುವ ಪ್ರಾಯೋಜಕನಿಲ್ಲ. ಆದರೆ ಆಟಗಾರನ ಕರಾರು ಮಾತ್ರ ನಡೆಯುತ್ತಲೇ ಇರುತ್ತದೆ. ಒಂದು ತಂಡಕ್ಕೆ ವರ್ಷಕ್ಕೆ ಹತ್ತಾರು ಕೋಟಿ ಖರ್ಚು. ಪಂದ್ಯ ನಡೆದ ವರ್ಷಗಳಲ್ಲೇ ನಷ್ಟ ಅನುಭವಿಸಿದವರು ಪಂದ್ಯವಿಲ್ಲದ ವರ್ಷ ಏನು ಮಾಡಿಯಾರು? ಆಗಸ್ಟ್ ಮಧ್ಯಭಾಗದಲ್ಲಿ 11 ಕ್ಲಬ್ಬುಗಳು ಒಕ್ಕೂಟಕ್ಕೆ ಪತ್ರ ಬರೆದು, ಹೀಗೇ ಮುಂದುವರಿದರೆ ಪೂರ್ತಿ ಮುಚ್ಚಿಕೊಳ್ಳಬೇಕಾದೀತೆಂದು ಎಚ್ಚರಿಸಿದವು. ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಲೀಗ್ ನಡೆಸುವ ಹಕ್ಕಿಗೆ ಟೆಂಡರ್ ಕರೆದರು. ನವೆಂಬರ್ 7ರ ಗಡುವು ಮುಗಿದಾಗ ಪೆಟ್ಟಿಗೆಯಲ್ಲಿ ಒಂದೂ ಬಿಡ್ ಇರಲಿಲ್ಲ. 140 ಕೋಟಿ ಜನರ ದೇಶದಲ್ಲಿ ಫುಟ್‌ಬಾಲ್ ಲೀಗನ್ನು ಕೇಳುವವರು ಒಬ್ಬರೂ ಇರಲಿಲ್ಲ!

2018ರ ಜೂನ್‌ನಲ್ಲಿ ಬೆಂಗಳೂರಿನ ನಾಯಕ ಸುನಿಲ್ ಚೆಟ್ರಿ ಜನರಿಗೆ ಕೈಮುಗಿದಿದ್ದರು: ಬೈಯುವುದಾದರೂ ಸರಿ, ಮೈದಾನಕ್ಕೆ ಬಂದು ಬೈಯಿರಿ ಎಂಬರ್ಥದಲ್ಲಿ. ಮುಂಬೈಯ ಗ್ಯಾಲರಿ ಆಗ ಖಾಲಿಯಿತ್ತು, ಮರುಪಂದ್ಯಕ್ಕೆ ತುಂಬಿತು. 2026ರ ಜನವರಿ ಆರಂಭದಲ್ಲಿ ಅದೇ ಚೆಟ್ರಿ, ಇತರ ಆಟಗಾರರೊಂದಿಗೆ, ಮತ್ತೆ ಕೈಮುಗಿದರು. ಈ ಸಲ ಜನರಿಗಲ್ಲ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾಕ್ಕೆ. ಜನ ಬಂದಿದ್ದರು, ಬಂದು ನಿಂತಿದ್ದರು. ಅವರಿಂದ ಆಗುವಂಥದ್ದು ಏನೂ ಉಳಿದಿರಲಿಲ್ಲ.

ಇಲ್ಲಿ ಹಿಂದಿನದನ್ನು ಸ್ವಲ್ಪ ನೆನೆಯಬೇಕು. ಫುಟ್‌ಬಾಲ್ ಬೆಂಗಳೂರಿಗೆ ಕಂಪನಿಯವರು ತಂದ ಆಟವಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲಿದ್ದ ಕಪ್ಪದು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು, ಕೊನೆಯದು 1968-69ರಲ್ಲಿ. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.

ಸ್ವಾತಂತ್ರ್ಯಾನಂತರ ಈ ಆಟವನ್ನು ಸಾಕಿದವು ಸರ್ಕಾರಿ ಕಾರ್ಖಾನೆಗಳು. ಐಟಿಐ ದೂರವಾಣಿ ತಯಾರಿಸಿತು, ಎಚ್‌ಎಎಲ್ ವಿಮಾನ ತಯಾರಿಸಿತು. ಜೊತೆಗೆ ಎರಡೂ ಫುಟ್‌ಬಾಲ್ ತಂಡ ಕಟ್ಟಿದವು. ಆಟಗಾರ ಅಲ್ಲಿ ನೌಕರ. ಸಂಜೆ ಆಟ, ತಿಂಗಳ ಕೊನೆಗೆ ಪಗಾರ, ಮುಂದೆ ಪಿಂಚಣಿ. ಎಚ್‌ಎಎಲ್ 2011-12ರ ಋತುವಿನ ಕೊನೆಗೆ ಐ-ಲೀಗಿನಿಂದ ಕೆಳಗಿಳಿಯಿತು, ಬೆಂಗಳೂರಿಗೆ ಒಂದು ವರ್ಷ ತಂಡವೇ ಇರಲಿಲ್ಲ. ಆದರೆ ಎಚ್‌ಎಎಲ್ ಆಟಗಾರನ ಮನೆಯ ಒಲೆ ಆರಲಿಲ್ಲ. ಈಗಿನ ಫ್ರಾಂಚೈಸಿ ಪದ್ಧತಿಯಲ್ಲಿ ಆಟಗಾರನ ಸಂಬಳ ಹತ್ತು ಪಟ್ಟು, ಇಪ್ಪತ್ತು ಪಟ್ಟು ಇರಬಹುದು. ತಂಡ ಮುಚ್ಚಿತೆಂದರೆ ಅವನೂ ಬೀದಿಯಲ್ಲಿ, ಅಭಿಮಾನಿಯೂ ಬೀದಿಯಲ್ಲಿ. ಹಳೆಯದೆಲ್ಲ ಚಿನ್ನವೆಂದು ಇದರ ಅರ್ಥವಲ್ಲ. ಕಾರ್ಖಾನೆಯ ತಂಡಗಳಿಗೆ ನೀಲಿ ಅಂಗಿಯ ಸಾವಿರಾರು ಅಭಿಮಾನಿಗಳು ಹುಟ್ಟಲಿಲ್ಲ ಎಂಬುದೂ ನಿಜವೇ.

ಖಾಸಗಿ ಒಡೆಯನಿಗೆ ಬೇಡವಾದಾಗ ಏನಾಗುತ್ತದೆಂಬುದಕ್ಕೆ ದೇಶದಲ್ಲಿ ಉದಾಹರಣೆಗೆ ಬರವಿಲ್ಲ. 2005-06ರ ರಾಷ್ಟ್ರೀಯ ಚಾಂಪಿಯನ್ ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಮೊತ್ತಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಅದೇ ದಾರಿ ಹಿಡಿಯಿತು. ಮುಚ್ಚದೆ ಊರು ಬದಲಿಸಿದವೂ ಉಂಟು. ದೆಹಲಿಯ ತಂಡ 2019ರಲ್ಲಿ ಭುವನೇಶ್ವರಕ್ಕೆ ಗಂಟುಮೂಟೆ ಕಟ್ಟಿತು. 2025ರಲ್ಲಿ ಹೈದರಾಬಾದಿನ ತಂಡ ದೆಹಲಿಗೆ ಬಂತು. ನಾಟಕ ಕಂಪನಿಯವರು ಕ್ಯಾಂಪು ಬದಲಿಸಿದಂತೆ. ಆದರೆ ಕಂಪನಿ ನಾಟಕದವರು ಮುಂದಿನ ಜಾತ್ರೆಗೆ ಮರಳಿ ಬರುತ್ತಿದ್ದರಲ್ಲ, ಇವರು ಬರುವುದಿಲ್ಲ.

ಇಂಗ್ಲೆಂಡಿನ ರಗ್ಬಿ ಆಟದಲ್ಲೂ ಇದೇ ನಡೆದಿದೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟವದು. 1867ರಲ್ಲಿ ಹುಟ್ಟಿದ, ಎರಡು ಸಲ ಯುರೋಪಿನ ಚಾಂಪಿಯನ್ ಆದ ವಾಸ್ಪ್ಸ್ ತಂಡ 2022ರ ಅಕ್ಟೋಬರಿನಲ್ಲಿ ಸಾಲದ ಹೊರೆಗೆ ಕುಸಿಯಿತು. ಆಟಗಾರರು, ಸಿಬ್ಬಂದಿ ಸೇರಿ 167 ಮಂದಿ ಕೆಲಸ ಕಳೆದುಕೊಂಡರು. ಅದಕ್ಕೂ ಮೊದಲೇ ವೂಸ್ಟರ್, ಮರುವರ್ಷ ಲಂಡನ್ ಐರಿಷ್. ಒಂದು ವರ್ಷದೊಳಗೆ ಮೂರು. ವೂಸ್ಟರ್ ಮಾತ್ರ 2025ರಲ್ಲಿ ಎರಡನೇ ದರ್ಜೆಯ ಲೀಗಿಗೆ ಮರಳಿತು.

ಅದೇ ದೇಶದಲ್ಲಿ ಅಭಿಮಾನಿಗಳು ಸುಮ್ಮನೆ ಕೂರದ ಪ್ರಸಂಗಗಳೂ ಇವೆ. 2002ರಲ್ಲಿ ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ತಂಡವನ್ನು ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ಯಲು ಅನುಮತಿ ಸಿಕ್ಕಿತು. ಅಭಿಮಾನಿಗಳು ಹೋಗುವುದಾದರೆ ಹೋಗಲಿ ಎಂದು ಊರ ಬಯಲಿನಲ್ಲಿ ಆಟಗಾರರನ್ನು ಆರಿಸಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ತಂಡ ಕಟ್ಟಿದರು. ಕೆಳಗಿನ ದರ್ಜೆಗಳಿಂದ ಹತ್ತಿ 2011ರಲ್ಲಿ ಆ ತಂಡ ವೃತ್ತಿಪರ ಲೀಗ್ ಸೇರಿತು. 2013ರಲ್ಲಿ ಪೋರ್ಟ್ಸ್‌ಮತ್ ತಂಡವನ್ನು ಅಭಿಮಾನಿಗಳ ಟ್ರಸ್ಟೇ ಕೊಂಡಿತು. ಜರ್ಮನಿಯಲ್ಲಂತೂ ಇದಕ್ಕೆ ನಿಯಮವೇ ಉಂಟು: ಕೆಲವು ಅಪವಾದ ಬಿಟ್ಟರೆ, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲಿರಬೇಕು. ಹಣವಂತ ಬರಬಹುದು, ಬಾಗಿಲ ಚಾವಿ ಅವನ ಕಿಸೆಗೆ ಹೋಗುವಂತಿಲ್ಲ.

ದುಮ್ಮವಾಡದಂಥ ಊರಿಗೆ ಈ ಜರ್ಮನ್ ನಿಯಮ ಹೊಸತೆನಿಸಲಾರದು. ಈ ಭಾಗದ ಹಳ್ಳಿಗಳಲ್ಲಿ ಜಾತ್ರೆಯ ಕುಸ್ತಿ ನಡೆಯುವುದು ಮನೆಮನೆಯಿಂದ ಪಟ್ಟಿ ಎತ್ತಿಯೇ. ಗರಡಿಮನೆಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡುವವರು ಊರವರೇ. ಪೈಲ್ವಾನನ ಹಾಲು-ಬದಾಮಿಗೆ ಯಾರೋ ಒಬ್ಬ ಗೌಡರು ಆಸರೆಯಾಗಿರಬಹುದು, ಆದರೆ ಗೌಡರು ಕೈಬಿಟ್ಟರೆಂದು ಗರಡಿ ಬೇರೆ ಊರಿಗೆ ಹೋದದ್ದಿಲ್ಲ. ಪಡಕಾದ ಗರಡಿಗಳು ಎಷ್ಟೋ ಇವೆ, ಅದು ಬೇರೆ ದುಃಖ. ಅಲ್ಲಿ ಮಣ್ಣಿಗಿಳಿಯುವ ಹುಡುಗರಿಲ್ಲ. ಬೆಂಗಳೂರಿನ ಸಂಕಟ ತಿರುವುಮುರುವಾದದ್ದು. ಹುಡುಗರಿದ್ದಾರೆ, ಗರಡಿಯೇ ಅವರದಲ್ಲ.

ಬೆಂಗಳೂರು ಎಫ್‌ಸಿಯನ್ನು ಅಭಿಮಾನಿಗಳು ಪಟ್ಟಿ ಎತ್ತಿ ಕೊಳ್ಳಬಹುದೆ? ಇಂದಿನ ಲೆಕ್ಕದಲ್ಲಿ ಅದು ಆಗದ ಮಾತು. ಲೀಗಿನ ಖರ್ಚೇ ಅಷ್ಟು. ಆಡುವ ಕಂಠೀರವ ರಾಜ್ಯ ಸರ್ಕಾರದ್ದು. ತಂಡದ ಹೆಸರು, ಲಾಂಛನ ಒಡೆಯರ ಸೊತ್ತು. ಆದರೂ ಮುಚ್ಚುವ ಮೊದಲು ಅಭಿಮಾನಿಗಳಿಗೆ ಇಂತಿಷ್ಟು ದಿನ ಮುಂಚೆ ತಿಳಿಸಬೇಕು, ಹೆಸರನ್ನೂ ಬಣ್ಣವನ್ನೂ ಊರಿಗೇ ಬಿಡಬೇಕು ಎಂಬಷ್ಟನ್ನಾದರೂ ಲೀಗಿನ ಹೊಸ ಕರಾರಿನಲ್ಲಿ ಬರೆಯುವುದು ಅಸಾಧ್ಯವೇನಲ್ಲ. ಹಣ ಕಾಸಿನ ಖರ್ಚಿಲ್ಲದ ಕಲಮುಗಳಿವು.

2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ, 14 ಕ್ಲಬ್ಬುಗಳೂ ಸೇರಿ ಫೆಬ್ರುವರಿ 14ರಿಂದ ಲೀಗ್ ನಡೆಯುವುದೆಂದು ಪ್ರಕಟಿಸಿದರು. ಒಟ್ಟು 91 ಪಂದ್ಯ. ಎಂದರೆ ಪ್ರತಿ ತಂಡಕ್ಕೆ ಹದಿಮೂರು, ಪ್ರತಿ ಎದುರಾಳಿಯೊಡನೆ ಒಂದೇ ಸಲ. ಆರು ತಿಂಗಳ ಆತಂಕಕ್ಕೆ ಸಿಕ್ಕ ಉತ್ತರ ಅದು, ಅರ್ಧ ಊಟ. ಉಪವಾಸಕ್ಕಿಂತ ಲೇಸು.

ವಿಂಬಲ್ಡನ್ನಿನ ಕಥೆಗೆ ಒಂದು ಬಾಲವಿದೆ. ಊರು ಬಿಟ್ಟುಹೋದ ತಂಡ ಹಳೆಯ ಟ್ರೋಫಿಗಳನ್ನೂ ಒಯ್ದಿತ್ತು. ಅವು ತಮ್ಮ ಊರಿನವೆಂದು ಅಭಿಮಾನಿಗಳು ಪಟ್ಟು ಬಿಡಲಿಲ್ಲ. 2007ರಲ್ಲಿ ಕೊನೆಗೂ ಅವು ಲಂಡನ್ನಿನ ಮರ್ಟನ್ ಸ್ಥಳೀಯ ಆಡಳಿತದ ವಶಕ್ಕೆ ಮರಳಿ ಬಂದವು. ಮುಂದಿನ ಸಲ ಯಾರಾದರೂ ವಿಜಯಪುರಕ್ಕೆ ಹೋದರೆ, ಬಿಜಾಪುರ ಬುಲ್ಸ್ ಗೆದ್ದ ಎರಡು ಟ್ರೋಫಿಗಳು ಯಾರ ಕಪಾಟಿನಲ್ಲಿವೆ ಎಂದು ಅಲ್ಲಿನ ಹುಡುಗರನ್ನು ಕೇಳಿಕೊಂಡು ಬನ್ನಿ.