ಅಪ್ಪ ಕಟ್ಟಿದ ಹಣ ಯಾರದು?



ಸಣ್ಣದೊಂದು ಲೆಕ್ಕದಿಂದ ಶುರು ಮಾಡುತ್ತೇನೆ. ಅಮೆರಿಕದ ಯಾವುದೋ ಊರಿನಲ್ಲಿ ಒಬ್ಬ ತಾಯಿ, ಒಂದು ಮಗು. ಸರ್ಕಾರದ ನಗದು ನೆರವು ತಿಂಗಳಿಗೆ 400 ಡಾಲರ್ ಎಂದಿಟ್ಟುಕೊಳ್ಳಿ. ಬೇರೆ ಇರುವ ತಂದೆ ನ್ಯಾಯಾಲಯದ ಆದೇಶದಂತೆ ಮಗುವಿನ ಜೀವನಾಂಶವಾಗಿ 200 ಡಾಲರ್ ಕಟ್ಟುತ್ತಾನೆ. ಮನೆಗೆ ಬರುವುದೆಷ್ಟು? ಕೂಡಿಸಲು ಬರುವ ಯಾವ ಮಗುವಾದರೂ 600 ಎನ್ನುತ್ತದೆ. ಅಲ್ಲಿನ ಎಷ್ಟೋ ರಾಜ್ಯಗಳ ಉತ್ತರ 400. ಮಿಕ್ಕ 200 ಖಜಾನೆಗೆ.

ಇದಕ್ಕೆ ಕಾನೂನಿನ ಆಧಾರವಿದೆ. 1975ರ ಜನವರಿಯಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ನೆರವು ಕೇಳಿ ಬರುವ ತಾಯಿ ಜೀವನಾಂಶದ ಹಕ್ಕನ್ನು ರಾಜ್ಯಕ್ಕೆ ಬರೆದುಕೊಡಬೇಕು. ತಂದೆಯನ್ನು ಪತ್ತೆಹಚ್ಚಲು ಸಹಕರಿಸಬೇಕು. ತಕ್ಕ ಕಾರಣವಿಲ್ಲದೆ ಒಲ್ಲೆನೆಂದರೆ ಈಗಿನ ನಿಯಮದಲ್ಲಿ ನೆರವಿನ ಕಾಲುಭಾಗವಾದರೂ ಹೋಗುತ್ತದೆ. ಮಗುವನ್ನು ನಾವು ಸಾಕುತ್ತಿದ್ದೇವೆ, ಸಾಕಬೇಕಾದವನಿಂದ ಖರ್ಚು ವಸೂಲು ಮಾಡುತ್ತಿದ್ದೇವೆ ಎಂಬುದು ಸರ್ಕಾರದ ವಾದ. ತೆರಿಗೆ ಕಟ್ಟುವವನ ಕಡೆಯಿಂದ ನೋಡಿದರೆ ಹುರುಳಿಲ್ಲದ ಮಾತೇನಲ್ಲ.

ಆದರೆ ಆ ತಂದೆಯ ಜಾಗದಲ್ಲಿ ನಿಂತು ನೋಡಿ. ತಾನು ಕಟ್ಟಿದರೂ ಅಷ್ಟೇ, ಕಟ್ಟದಿದ್ದರೂ ಅಷ್ಟೇ. ಮಗುವಿನ ತಟ್ಟೆಗೆ ಒಂದು ತುತ್ತೂ ಹೆಚ್ಚು ಬೀಳುವುದಿಲ್ಲ. 1987ರ ಬೋವೆನ್ ಮತ್ತು ಗಿಲಿಯಾರ್ಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ ಇಂಥದೇ ಸಂಕಟ. ಒಂದೇ ಮನೆಯಲ್ಲಿ ಒಂದು ಮಗುವಿಗೆ ಅಪ್ಪನ ಹಣ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ನೆರವು ಬೇಕಾದರೆ ಬರುವ ಮಗುವನ್ನೂ ಕುಟುಂಬದ ಲೆಕ್ಕಕ್ಕೆ ಸೇರಿಸಿ, ಅದರ ಜೀವನಾಂಶವನ್ನು ಒಪ್ಪಿಸಲೇಬೇಕು ಎಂಬ ನಿಯಮವನ್ನು ಬಹುಮತ ಎತ್ತಿಹಿಡಿಯಿತು. ನ್ಯಾಯಮೂರ್ತಿ ಬ್ರೆನ್ನನ್ ಒಪ್ಪಲಿಲ್ಲ. ಈ ನಿಯಮದಿಂದಾಗಿ ತಂದೆಯ ಹಣದ ಜೊತೆಗೆ ತಂದೆಯನ್ನೂ ಕಳೆದುಕೊಳ್ಳುವ ಮಕ್ಕಳ ಪರವಾಗಿ ಅವರು ಭಿನ್ನ ತೀರ್ಪು ಬರೆದರು. ನಮ್ಮ ವಿದ್ಯಾರ್ಥಿಗಳು ಬಹುಮತದ ತೀರ್ಪಿಗಿಂತ ಮೊದಲು ಅದನ್ನು ಓದಲಿ ಎನ್ನುತ್ತೇನೆ.

1984ರಲ್ಲಿ ಒಂದಿಷ್ಟು ಸಡಿಲಿಕೆ ಬಂದಿತ್ತು: ತಿಂಗಳ ಮೊದಲ 50 ಡಾಲರ್ ತಾಯಿಗೆ, ನೆರವಿಗೂ ಕತ್ತರಿಯಿಲ್ಲ. 1996ರ ಕಲ್ಯಾಣ ಸುಧಾರಣೆ ಆ ಕಡ್ಡಾಯವನ್ನು ತೆಗೆದುಹಾಕಿ, ಎಲ್ಲವನ್ನೂ ರಾಜ್ಯಗಳ ಮರ್ಜಿಗೆ ಬಿಟ್ಟಿತು. ಹೆಚ್ಚಿನವು ಆ ಐವತ್ತನ್ನೂ ನುಂಗಿದವು.

ವಿಸ್ಕಾನ್ಸಿನ್ ಮಾತ್ರ ಬೇರೆ ದಾರಿ ಹಿಡಿಯಿತು. 1997ರಲ್ಲಿ ಕೇಂದ್ರದ ವಿಶೇಷ ಅನುಮತಿ ಪಡೆದು, ತಂದೆ ಕಟ್ಟಿದ್ದಷ್ಟನ್ನೂ ಮನೆಗೇ ಕೊಟ್ಟಿತು. ನೆರವಿನಲ್ಲಿ ಕಳೆಯಲೂ ಇಲ್ಲ. ಹೋಲಿಕೆಗೆಂದು ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಕುಟುಂಬಗಳಿಗೆ ಮಾತ್ರ 50 ಡಾಲರ್ ಅಥವಾ ಕಟ್ಟಿದ್ದರ ಶೇ. 41, ಯಾವುದು ಹೆಚ್ಚೋ ಅದು. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಮರಿಯಾ ಕ್ಯಾನ್ಸಿಯನ್, ಡೇನಿಯಲ್ ಮೆಯರ್ ಮತ್ತು ಸಂಗಡಿಗರು ಎರಡೂ ಗುಂಪುಗಳನ್ನು ಹಿಂಬಾಲಿಸಿದರು. ಪೂರ್ತಿ ಹಣ ಮನೆ ಸೇರಿದ ಕಡೆ ಹೆಚ್ಚು ತಂದೆಯರು ಕಟ್ಟಿದರು, ಪಿತೃತ್ವವೂ ಬೇಗ ದಾಖಲಾಯಿತು. ಖಜಾನೆಗೆ ಬಿದ್ದ ಹೊರೆ ಅಂಜಿದಷ್ಟು ಇರಲಿಲ್ಲ. ನೀತಿಯ ಚರ್ಚೆಯಲ್ಲಿ ಇಷ್ಟು ಸ್ವಚ್ಛವಾದ ಪುರಾವೆ ಸಿಗುವುದು ಅಪರೂಪ. ಸಿಕ್ಕಿದ ಮೇಲೂ ಉಳಿದ ರಾಜ್ಯಗಳು ಅದರ ಹಿಂದೆ ಓಡಲಿಲ್ಲ ಎಂಬುದು ನಮ್ಮಂಥ ಸಂಶೋಧಕರಿಗೆ ಸ್ವಲ್ಪ ಕಹಿ. ಕೊಲರಾಡೊ ಪೂರ್ತಿ ಹಣ ಬಿಟ್ಟುಕೊಟ್ಟದ್ದು 2017ರಲ್ಲಿ. ಬ್ರಿಟನ್ನು 2010ರಿಂದ ನೆರವಿನ ಲೆಕ್ಕದಲ್ಲಿ ಮಗುವಿನ ಜೀವನಾಂಶವನ್ನು ಮುಟ್ಟುತ್ತಿಲ್ಲ.

ಇಷ್ಟಾದರೂ ಗಂಟು ಪೂರ್ತಿ ಬಿಚ್ಚುವುದಿಲ್ಲ. ಅಮೆರಿಕದ ತಾಯಿಯ ಕೈಗೆ ಬಂದ ಜೀವನಾಂಶ ಆಹಾರ ನೆರವಿನ ಲೆಕ್ಕದಲ್ಲಿ ಮತ್ತೆ ಆದಾಯವಾಗಿ ಎದ್ದು ಕೂರುತ್ತದೆ. ಒಂದು ಡಾಲರಿಗೆ 30 ಸೆಂಟಿನಷ್ಟು ಅಲ್ಲಿ ಸೋರುತ್ತದೆ. ಒಂದು ಇಲಾಖೆಯ ಔದಾರ್ಯ ಇನ್ನೊಂದು ಇಲಾಖೆಗೆ ತಿಳಿದಿರುವುದಿಲ್ಲ.

ಇನ್ನು ನಮ್ಮ ಕರ್ನಾಟಕಕ್ಕೆ ಬಂದರೆ, ಜೀವನಾಂಶದ ಕಡತ ನ್ಯಾಯಾಲಯದಲ್ಲಿರುತ್ತದೆ, ಮನೆಯ ಯಜಮಾನಿಗೆ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿಯ ಕಡತ ಬೇರೆ ಕಚೇರಿಯಲ್ಲಿ. ಜೀವನಾಂಶ ಬಂತೇ ಎಂದು ಯಾರೂ ಕೇಳುವುದಿಲ್ಲ, ಅದು ಒಳ್ಳೆಯದೇ. ಆದರೆ ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಯಜಮಾನಿಗೆ ಆ ಹಣವಿಲ್ಲ. ಬಿಟ್ಟುಹೋಗಿ ಒಂದು ಪೈಸೆಯನ್ನೂ ಕಳಿಸದ ಗಂಡನ ಆದಾಯ ಕಾಗದದ ಮೇಲೆ ಆಕೆಯ ಹೆಗಲೇರಿದರೆ ಏನು ಮಾಡಬೇಕು? ಮೊದಲ ಗೋಷ್ಠಿಯವರು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿ. ನಾನು ಮುಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ.