ರಾತ್ರಿಯ ಗದ್ದಲ, ನಿದ್ರೆ ಮತ್ತು ಕಿವಿಬಿರಡೆ
(ಆರೋಗ್ಯ ಶಿಕ್ಷಣ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಾಠ)



ನಾನು ಸೇವೆ ಸಲ್ಲಿಸುತ್ತಿರುವ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಯಶವಂತಪುರದ ಕಡೆಯ ದಂಪತಿಗಳು ಬಂದರು. ಪತಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಪತ್ನಿಯ ಕಂಕುಳಲ್ಲಿ ಏಳು ತಿಂಗಳ ಕೂಸು. ಆತನಿಗೆ ತಲೆನೋವು, ಸಿಡುಕು, ತುಸು ಏರಿದ ರಕ್ತದೊತ್ತಡ. ನಾನು ನೋವಿನ ಮಾತ್ರೆ ಬರೆದುಕೊಟ್ಟು, ಉಪ್ಪನ್ನು ಕಡಿಮೆ ಮಾಡುವಂತೆ ತಿಳಿಸಿ ಕಳುಹಿಸಿದೆ. ಹದಿನೈದು ದಿನಗಳ ತರುವಾಯ ಅವರು ಮರಳಿ ಬಂದಾಗ ಆತನ ಬಲಗಿವಿ ಊದಿಕೊಂಡು ಸೋರುತ್ತಿತ್ತು. ಹಗಲಿನ ಗದ್ದಲದಲ್ಲಿ ನಿದ್ರೆ ಹತ್ತದೆ, ಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ಬೆಂಕಿಕಡ್ಡಿಯಿಂದ ಕಿವಿಯೊಳಕ್ಕೆ ತುರುಕಿಕೊಂಡಿದ್ದನಂತೆ.

“ಮಿಷನ್ ಮುಂದೆ ನಿಂತಲ್ಲೇ ತೂಕಡಿಸ್ತೀನಿ ಡಾಕ್ಟ್ರೇ. ಕೈ ಸಿಕ್ಕಿಹಾಕ್ಕೊಂಡ್ರೆ ನಮ್ಮ ಗತಿ ಏನು?” ಎಂದು ಆತ ಕೇಳಿದ. “ನೀವು ಎಲ್ಲಿ, ಯಾವಾಗ, ಎಷ್ಟು ಹೊತ್ತು ಮಲಗುತ್ತೀರಿ?” ಎಂಬ ಪ್ರಶ್ನೆಯನ್ನು ಮೊದಲ ಭೇಟಿಯಲ್ಲಿಯೇ ನಾನು ಕೇಳಬೇಕಾಗಿತ್ತು. ಕೇಳಿರಲಿಲ್ಲ. ಅಂದಿನಿಂದ ತಲೆನೋವೆಂದು ಬಂದವರೆಲ್ಲರನ್ನೂ ಈ ಪ್ರಶ್ನೆ ಕೇಳುವುದನ್ನು ರೂಢಿಸಿಕೊಂಡಿದ್ದೇನೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವವರಿಗೆ ಗದ್ದಲದ ವಿಷಯವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಯಶವಂತಪುರದಲ್ಲಿ ರೈಲು ನಿಲ್ದಾಣವಿದೆ. ಈರುಳ್ಳಿ, ಆಲೂಗಡ್ಡೆಯ ಲಾರಿಗಳು ಬಂದು ಹೋಗುವ ಮಾರುಕಟ್ಟೆ ಪ್ರಾಂಗಣವಿದೆ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಬಳ್ಳಾರಿ ರಸ್ತೆಗೆ ರಾತ್ರಿಯೆಂಬುದೇ ಇಲ್ಲದಂತಾಗಿದೆ. ಹೆಬ್ಬಾಳದ ಮೇಲುಸೇತುವೆಯ ಆಸುಪಾಸಿನವರೂ ರವೀಂದ್ರನಾಥ ಟಾಗೂರ್ ನಗರದ ಮುಖ್ಯರಸ್ತೆಗಳ ಅಂಚಿನವರೂ ಇದನ್ನು ಚೆನ್ನಾಗಿ ಬಲ್ಲರು.

“ನಮಗೆ ಅಭ್ಯಾಸವಾಗಿಬಿಟ್ಟಿದೆ” ಎಂದು ಹಲವರು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ರೆಪ್ಪೆಯಿಲ್ಲ. ನಾವು ನಿದ್ರಿಸುತ್ತಿರುವಾಗಲೂ ಕಿವಿಯು ಶಬ್ದವನ್ನು ಮಿದುಳಿಗೆ ತಲುಪಿಸುತ್ತಲೇ ಇರುತ್ತದೆ. ಪೂರ್ಣ ಎಚ್ಚರವಾಗದಿದ್ದರೂ ಗಾಢನಿದ್ರೆ ತಿಳಿಯಾಗುತ್ತದೆ, ನಾಡಿಯ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಕ್ಷಣಕಾಲ ಏರುತ್ತದೆ. ಬೆಳಿಗ್ಗೆ ನಮಗೆ ಇದಾವುದೂ ನೆನಪಿರುವುದಿಲ್ಲ; ಆಯಾಸ ಮಾತ್ರ ಉಳಿಯುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅವಶ್ಯಕ. ವರ್ಷಗಟ್ಟಲೆ ಸಂಚಾರದ ಗದ್ದಲದಲ್ಲಿ ವಾಸಿಸುವುದಕ್ಕೂ ಹೃದ್ರೋಗಕ್ಕೂ ಸಂಬಂಧವಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಶಬ್ದವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿಯು ಹತ್ತು ಪಟ್ಟಾಗುತ್ತದೆ. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್‌ಗಳನ್ನು ಮೀರಬಾರದು. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಯುರೋಪಿಗೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ರಾತ್ರಿಯ ಹೊರಗಣ ಶಬ್ದ 40 ಡೆಸಿಬೆಲ್‌ಗಿಂತ ಕಡಿಮೆಯಿರಬೇಕೆಂದು ಹೇಳಿದೆ.

ಆದುದರಿಂದ ಗದ್ದಲವನ್ನು ಅದು ಹುಟ್ಟುವಲ್ಲಿಯೇ ತಡೆಯುವುದು ಮೊದಲ ಕರ್ತವ್ಯ. ವಸತಿ ಪ್ರದೇಶಗಳಲ್ಲಿ ರಾತ್ರಿ ವೇಳೆ ಹಾರನ್ ಮಾಡುವುದನ್ನೂ ಸದ್ದು ಮಾಡುವ ಕಟ್ಟಡ ನಿರ್ಮಾಣದ ಯಂತ್ರಗಳನ್ನು ನಡೆಸುವುದನ್ನೂ ನಿಯಮಗಳು ನಿಷೇಧಿಸಿವೆ. ರಾತ್ರಿಯ ಧ್ವನಿವರ್ಧಕಕ್ಕೂ ನಿರ್ಬಂಧವಿದೆ. ನಿಯಮ ಮೀರಿದಾಗ 112 ಸಂಖ್ಯೆಗೆ ಕರೆಮಾಡಿ ಪೊಲೀಸರಿಗೆ ದೂರು ನೀಡಬಹುದು. ಎರಡನೆಯದು ಮನೆಯ ವ್ಯವಸ್ಥೆ. ಹಾಸಿಗೆಯನ್ನು ರಸ್ತೆಬದಿಯ ಕೋಣೆಯಿಂದ ಒಳಕೋಣೆಗೆ ಬದಲಾಯಿಸಿ. ಕಿಟಕಿ ಬಾಗಿಲುಗಳ ಸಂದುಗಳನ್ನು ಮುಚ್ಚಿ. ಆದರೆ ಗಾಳಿಯಾಡಲು ಒಂದು ದಾರಿಯಿರಲಿ. ಒಲೆ ಉರಿಯುವ ಕೋಣೆಯನ್ನು ಮಾತ್ರ ಎಂದಿಗೂ ಪೂರ್ತಿ ಮುಚ್ಚಬೇಡಿ.

ಇಷ್ಟೆಲ್ಲ ಮಾಡಿದರೂ ನಿದ್ರೆ ಬಾರದವರಿಗೆ ಕಿವಿಬಿರಡೆ ಸಹಾಯಕವಾಗಬಲ್ಲದು. ಔಷಧದ ಅಂಗಡಿಯಲ್ಲಿ ಇಯರ್‌ಪ್ಲಗ್ ಎಂದು ಕೇಳಿದರೆ ಕೊಡುತ್ತಾರೆ. ಇದೇನೂ ಹೊಸ ವಸ್ತುವಲ್ಲ. ಜರ್ಮನಿಯ ಔಷಧ ತಯಾರಕ ಮ್ಯಾಕ್ಸ್ ನೆಗ್ವರ್ 1907–08ರ ವೇಳೆಗೇ ಮೇಣ ಮತ್ತು ಹತ್ತಿಯ ಬಿರಡೆಗಳನ್ನು ಮಾರಾಟಕ್ಕೆ ತಂದಿದ್ದನು. ಇಂದು ಮೃದುವಾದ ಫೋಮ್ ಬಿರಡೆಗಳೂ ತೊಳೆದು ಬಳಸಬಹುದಾದ ಸಿಲಿಕೋನ್ ಬಿರಡೆಗಳೂ ದೊರೆಯುತ್ತವೆ. ಬರಿಯ ಅರಳೆಯು ಶಬ್ದವನ್ನು ಬಹಳ ಸ್ವಲ್ಪವೇ ತಡೆಯುತ್ತದೆ. ಫೋಮ್ ಬಿರಡೆಯ ಪೊಟ್ಟಣದ ಮೇಲೆ ಸುಮಾರು 30 ಡೆಸಿಬೆಲ್ ಎಂದು ಬರೆದಿರಬಹುದು. ಸರಿಯಾಗಿ ಕೂರದಿದ್ದರೆ ಅದರ ಅರ್ಧದಷ್ಟೂ ಪ್ರಯೋಜನ ಸಿಗದು. ಲಾರಿಯ ಗುಡುಗಿನಂತಹ ತಗ್ಗು ಸ್ವರವು ಪೂರ್ತಿ ನಿಲ್ಲುವುದಿಲ್ಲವೆಂಬುದನ್ನೂ ತಿಳಿದಿರಬೇಕು.

ಫೋಮ್ ಬಿರಡೆಯನ್ನು ಬಳಸುವ ಕ್ರಮ ಹೀಗಿದೆ:

1. ಕೈಗಳನ್ನು ಸಾಬೂನಿನಿಂದ ತೊಳೆದು ಒರೆಸಿಕೊಳ್ಳಿ.

2. ಬಿರಡೆಯನ್ನು ಬೆರಳುಗಳ ನಡುವೆ ಹೊಸೆದು, ದೀಪದ ಬತ್ತಿಯಂತೆ ಸಣ್ಣಗೆ ಮಾಡಿ.

3. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು, ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆಯಿರಿ. ಇದರಿಂದ ಕಿವಿಯ ನಾಳವು ನೇರವಾಗುತ್ತದೆ.

4. ಬಿರಡೆಯನ್ನು ಒಳಗಿರಿಸಿ, ಅದು ಅರಳಿಕೊಳ್ಳುವವರೆಗೆ ಸುಮಾರು ಅರ್ಧ ನಿಮಿಷ ಬೆರಳಿನಿಂದ ಒತ್ತಿಹಿಡಿಯಿರಿ. ಅದರ ತುದಿಯು ಹೊರಗಿನಿಂದ ಹಿಡಿಯಲು ಸಿಗುವಂತಿರಬೇಕು. ವಯಸ್ಕರ ಕಿವಿಯ ನಾಳದ ಉದ್ದ ಸುಮಾರು 2.5 ಸೆಂಟಿಮೀಟರ್ ಮಾತ್ರ. ಅದರ ಕೊನೆಯಲ್ಲಿ ತಮಟೆಯಿದೆ.

5. ತೆಗೆಯುವಾಗ ತಿರುಗಿಸುತ್ತ ನಿಧಾನವಾಗಿ ತೆಗೆಯಿರಿ. ಒಮ್ಮೆಲೇ ಕಿತ್ತರೆ ತಮಟೆಗೆ ನೋವಾಗಬಹುದು.

ಕೊಳೆಯಾದ ಅಥವಾ ಗಡಸಾದ ಬಿರಡೆಯನ್ನು ಎಸೆದುಬಿಡಿ. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಕಾರ್ಖಾನೆಯಲ್ಲಿ ಧರಿಸಿದ, ಎಣ್ಣೆ ಧೂಳು ಮೆತ್ತಿದ ಬಿರಡೆಯನ್ನು ಮಲಗುವಾಗ ಹಾಕಿಕೊಳ್ಳದಿರಿ. ಕೆಲಸದ ಸ್ಥಳದಲ್ಲಿಯೂ ಕಿವಿಯನ್ನು ರಕ್ಷಿಸಿಕೊಳ್ಳುವುದನ್ನು ಮರೆಯದಿರಿ. ದೊಡ್ಡ ಯಂತ್ರಗಳ ಸದ್ದಿನಿಂದ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

ಕಿವಿ ಸೋರುವವರು, ತಮಟೆಯಲ್ಲಿ ರಂಧ್ರವಿರುವವರು, ಕಿವಿನೋವು ಅಥವಾ ತುರಿಕೆಯಿರುವವರು ವೈದ್ಯರನ್ನು ಕಾಣದೆ ಬಿರಡೆಯನ್ನು ಬಳಸಲೇಬಾರದು. ನಿತ್ಯ ಬಳಸುವವರಲ್ಲಿ ಗುಗ್ಗೆಯು ಒಳಕ್ಕೆ ಒತ್ತಿ ಕಿವಿ ಮಂದವಾಗಬಹುದು. ಹಾಗಾದರೆ ಪಿನ್ನು, ಬೆಂಕಿಕಡ್ಡಿಗಳಿಂದ ಕೆದಕದೆ ಆರೋಗ್ಯ ಕೇಂದ್ರಕ್ಕೆ ಬನ್ನಿ. ಚಿಕ್ಕ ಮಕ್ಕಳ ಕಿವಿಗೆ ಇದನ್ನು ಹಾಕಬೇಡಿ. ಅವರ ಕೈಗೆ ಎಟುಕುವಂತೆಯೂ ಇಡಬೇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುವ ಅಪಾಯವಿದೆ. ಗಟ್ಟಿಯಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಲ್ಲಿಸುವವರು ಮನೆಯಲ್ಲಿದ್ದರೆ, ನೀವು ಕಿವಿ ಮುಚ್ಚಿಕೊಂಡರೆ ಸಾಲದು. ಅವರನ್ನು ವೈದ್ಯರ ಬಳಿಗೆ ಕರೆತರಬೇಕು.

ಈಗ ತಾಯಂದಿರಿಗೆ ಒಂದು ಮಾತು. ಆ ದಿನ ನಾನು ಪತಿಗೆ ಬಿರಡೆಯ ವಿಚಾರ ಹೇಳುತ್ತಿದ್ದಾಗ ಆತನ ಪತ್ನಿ ಮೆಲುದನಿಯಲ್ಲಿ ಕೇಳಿದಳು: “ನಾನೂ ಹಾಕ್ಕೋಬಹುದಾ ಅಮ್ಮ ಅಂತ ನಮ್ಮತ್ತೇನ ಕೇಳಿದ್ದೆ. ಕೂಸು ಅತ್ರೆ ಕೇಳ್ಸೋದು ಹೇಗೆ ಅಂತ ಬೈದ್ರು.” ಅತ್ತೆಯವರ ಭಯ ಸಕಾರಣವಾದುದೇ. ಹಸುಗೂಸಿನೊಂದಿಗೆ ಒಂಟಿಯಾಗಿ ಮಲಗುವ ತಾಯಿ ಎರಡೂ ಕಿವಿಗಳನ್ನು ಮುಚ್ಚಿಕೊಳ್ಳಬಾರದು. ಆದರೆ ಆಕೆಗೆ ನಿದ್ರೆಯೇ ಬೇಡವೆಂದು ಇದರ ಅರ್ಥವಲ್ಲ. ದಿನದಲ್ಲಿ ಎರಡು ಗಂಟೆ ಅತ್ತೆಯವರೋ ಪತಿಯೋ ಮಗುವಿನ ಹೊಣೆ ಹೊತ್ತರೆ, ಆ ಹೊತ್ತಿನಲ್ಲಿ ಆಕೆ ಬಿರಡೆ ಧರಿಸಿ ನಿಶ್ಚಿಂತೆಯಿಂದ ಮಲಗಬಹುದು. ಮನೆಯಲ್ಲಿ ಒಬ್ಬರು ಕಿವಿ ಮುಚ್ಚಿ ಮಲಗಿದಾಗ ಇನ್ನೊಬ್ಬರ ಕಿವಿ ತೆರೆದಿರಬೇಕು. ಈ ನಿಯಮವನ್ನು ಪ್ರತಿ ಕುಟುಂಬವೂ ಪಾಲಿಸತಕ್ಕದ್ದು.

ಆ ದಂಪತಿಗಳ ವಿಷಯದಲ್ಲಿ ಮೊದಲು ಕಿವಿಯ ಸೋಂಕಿಗೆ ಚಿಕಿತ್ಸೆ ನಡೆಯಿತು. ಅದು ವಾಸಿಯಾಗುವವರೆಗೆ ಬಿರಡೆಯನ್ನು ಕೊಡಲಿಲ್ಲ. ಹಾಸಿಗೆ ಒಳಕೋಣೆಗೆ ಹೋಯಿತು. ತಂದೆ ಮಲಗುವ ಹೊತ್ತಿನಲ್ಲಿ ಕೂಸು ಅಜ್ಜಿಯೊಂದಿಗೆ ಪಕ್ಕದ ಮನೆಯಲ್ಲಿರುವ ಏರ್ಪಾಡಾಯಿತು. ಸಂಜೆ ಆತನೆದ್ದ ಮೇಲೆ ಮಗುವನ್ನು ತಾನೇ ಎತ್ತಿಕೊಳ್ಳತೊಡಗಿದ. ತಾಯಿಗೆ ಎರಡು ಗಂಟೆಗಳ ನಿದ್ರೆ ದಕ್ಕಿತು. ಮುಂದಿನ ಭೇಟಿಗೆ ಬಂದಾಗ ಆತನ ರಕ್ತದೊತ್ತಡ ಇಳಿದಿತ್ತು. ಅದು ನಿದ್ರೆಯಿಂದಲೇ ಇಳಿಯಿತೆಂದು ನಾನು ಹೇಳಲಾರೆ; ಆತ ಉಪ್ಪನ್ನೂ ಕಡಿಮೆ ಮಾಡಿದ್ದ. ಯಂತ್ರದ ಮುಂದೆ ತೂಕಡಿಸುವುದು ಮಾತ್ರ ನಿಂತಿತ್ತು.

ಓದುಗರೇ, ಕಿವಿಬಿರಡೆಯು ಕೆಲವೇ ರೂಪಾಯಿಗಳ ವಸ್ತು. ಅದನ್ನು ತಿಳಿದು ಬಳಸಿದರೆ ನಿದ್ರೆಗೆ ನೆರವು, ತಿಳಿಯದೆ ಬಳಸಿದರೆ ಕಿವಿಗೆ ಕೇಡು. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಮನೆಯಲ್ಲಿ ಯಾರ ನಿದ್ರೆ ಕೆಡುತ್ತಿದೆ ಎಂದು ಒಮ್ಮೆ ವಿಚಾರಿಸಿ. ನಿದ್ರಾಭಂಗವು ವಾರಗಟ್ಟಲೆ ಮುಂದುವರಿದರೆ ನಿದ್ರೆಮಾತ್ರೆಯನ್ನು ಸ್ವತಃ ಕೊಂಡು ನುಂಗದೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಬನ್ನಿ.